ಇನ್ನೂರು ಪರ್ಸೆಂಟಿನ ಪರದೆ

ನಾಗಮಂಗಲದ ನಿಂಗರಾಜು ಲಗ್ನಪತ್ರಿಕೆ ಟೈಪು ಮಾಡಲು ಕೂತು ಇಪ್ಪತ್ತೆಂಟು ವರ್ಷವಾಯಿತು. ಐವತ್ತು ದಾಟಿದರೂ ಮೂಗಿನ ಮೇಲೆ ಕನ್ನಡಕ ಏರಿಲ್ಲ. ಏರಿಸಿಕೊಂಡವರನ್ನು ಸುಮ್ಮನೆ ಬಿಡುವವನೂ ಅಲ್ಲ. "ಏನ್ಲಾ, ನಾಕು ಕಣ್ಣ?" ಎಂದು ನಡುಬೀದಿಯಲ್ಲೇ ಕೂಗುವ ಪೈಕಿ.

ಮೊನ್ನೆ ಹಳೆಯ ಮಾನಿಟರು ಕೆಟ್ಟಿತೆಂದು ಫೋರ್‌ಕೆ ಎಂಬ ಹೊಸ ನಮೂನೆಯ ಪರದೆ ತಂದ. ಹಾಕಿದ್ದೇ ತಡ, ಅಕ್ಷರಗಳೆಲ್ಲ ಸಾಸಿವೆ ಕಾಳು! ಅಯ್ಯೋ ಶಿವನೇ, ಕಣ್ಣು ಹೋಯಿತಲ್ಲಪ್ಪ ಎಂದು ಎದೆ ಧಸಕ್ಕೆಂದಿತು. ಕಣ್ಣು ಹೋದರೆ ಅಂಗಡಿಯೂ ಹೋಯಿತು, ಬೇರೆ ಕಸುಬು ಬಾರದ ಆಸಾಮಿ. ಹೆಂಡತಿಗೂ ಹೇಳದೆ ಮೂರು ದಿನ ಪರದೆಗೆ ಮೂಗು ಉಜ್ಜುತ್ತ ಕೂತ.

ನಾಲ್ಕನೇ ದಿನ ಅದನ್ನು ಕಂಡವಳು ಅಕ್ಕನ ಮಗಳು ಚೈತ್ರ. ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಅವಳ ಕೆಲಸ.

"ಏನ್ ಮಾವ, ಪರದೆಗೆ ಮುತ್ತು ಕೊಡ್ತಿದ್ದೀಯ?"

"ಕಣ್ಣು ಓಗ್ಬುಡ್ತು ಕಣವ್ವ."

"ಕಣ್ಣಲ್ಲ, ಸೆಟ್ಟಿಂಗು. ಇದ್ರಲ್ಲಿ ಚುಕ್ಕಿ ಜಾಸ್ತಿ, ಒಂದೊಂದೂ ಸಣ್ಣದು. ದೊಡ್ದಾಗಿ ತೋರ್ಸು ಅಂತ ನಾವೇ ಯೋಳ್ಬೇಕು."

ಅಕ್ಷರದ ಅಳತೆಯನ್ನು ಇನ್ನೂರು ಪರ್ಸೆಂಟು ಮಾಡಿದಳು. ಅಕ್ಷರಗಳು ಗುಂಡಗುಂಡಗೆ ಎದ್ದು ನಿಂತವು. ಹಳೇ ಟೈಪಿಂಗ್ ಸಾಫ್ಟ್‌ವೇರು ಮಾತ್ರ ಮಬ್ಬಾಗಿಯೇ ಉಳಿಯಿತು. ಅದು ಹಳೇ ಕಾಲದ್ದು, ಈ ವಿದ್ಯೆ ಕಲಿತಿಲ್ಲ ಎಂದಳು ಚೈತ್ರ.

ನಿಂಗರಾಜು ಹಿಗ್ಗಿ ಹೀರೇಕಾಯಿಯಾದ. ಟೀ ಅಂಗಡಿಗೆ ಹೋಗಿ, ತನ್ನದು ಹದ್ದಿನ ಕಣ್ಣೆಂದೂ ಮಬ್ಬೆಲ್ಲ ಕಂಪ್ಯೂಟರಿನದೆಂದೂ ಸಾರಿ ಬಂದ.

ಅಷ್ಟರಲ್ಲಿ ಬೆಳ್ಳೂರಿನ ಚಲುವರಾಜು ಮಗಳ ಮದುವೆ ಪತ್ರಿಕೆಯ ಪ್ರೂಫು ನೋಡಲು ಬಂದಿದ್ದ. ನಿಂಗರಾಜು ಪ್ರಿಂಟು ತೆಗೆದು ಹಿಡಿದ. ಮಬ್ಬು. ಕೈ ದೂರ ಚಾಚಿದ. ಇನ್ನಷ್ಟು ಚಾಚೋಣವೆಂದರೆ ಕೈಯೇ ಮುಗಿದುಹೋಯಿತು.

"ಚೈತ್ರಾ, ಪ್ರಿಂಟರ್‌ಗೂ ವಸಿ ಸೆಟ್ಟಿಂಗ್ ಮಾಡ್ಬುಡವ್ವ."

ಕುಣಿಯಲಾರದವಳಿಗೆ ನೆಲ ಡೊಂಕು!

ಚಲುವರಾಜು ಕೂತಲ್ಲಿಂದಲೇ ಕತ್ತು ಚಾಚಿದ. "ಸಂದಾಗೇ ಕಾಣ್ತದಲ್ಲಣ್ಣ. ಆದ್ರೆ ಮದ್ವೆ ಹದಿನೆಂಟ್ಕೆ. ನೀನು ಹದಿಮೂರು ಅಂತ ಆಕ್ಬುಟ್ಟಿದ್ದೀಯ."

ಇಂಥ ತಪ್ಪು ಅವನ ಅಂಗಡಿಯಿಂದ ಎಂದೂ ಹೊರಬಿದ್ದಿರಲಿಲ್ಲ. ಅವನು ಸೋದರ ಸೊಸೆಯ ಮುಖ ನೋಡಿದ. ಅವಳು ನಗಲಿಲ್ಲ.

"ಕಾಗದಕ್ಕೆ ಸೆಟ್ಟಿಂಗ್ ಇಲ್ಲ ಮಾವ," ಎಂದಳು ಮೆಲ್ಲಗೆ.

ನಿಂಗರಾಜು ತಾರೀಕು ತಿದ್ದಿದ. ತಿದ್ದಿದ್ದು ಸರಿಯಿದೆಯೇ ಎಂದು ಚಲುವರಾಜುವಿನಿಂದಲೇ ಎರಡು ಸಲ ಓದಿಸಿದ. ಆಮೇಲೆ ಅಂಗಡಿಯ ಷಟರು ಎಳೆದ.

"ನಡಿಯವ್ವ, ಕಣ್ಣಿನ ಡಾಕ್ಟ್ರತ್ರ ಓಗಾನ. ನನ್ ಜಂಬಕ್ಕೆ ಯಾರ್ದೋ ಮದ್ವೆ ಕೆಡೋದು ಬ್ಯಾಡ."