ಕಿಡಿಗೆ ಶ್ರುತಿ ಕೂಡಿಸಿದ್ದು

ಹಾಡುವ ಕಿಡಿಯ ಪೆಟ್ಟಿಗೆಯನ್ನು ನಾನು ಕಟ್ಟಲು ಕೂತಾಗ ನನ್ನ ಹೆಂಡತಿ ಮಾತಾಡುವ ಹಾಗಿರಲಿಲ್ಲ. ಕುತ್ತಿಗೆಯಲ್ಲಿ ಥೈರಾಯ್ಡ್ ಗಂಟು ಬೆಳೆದು ಆಪರೇಷನ್ ಆಗಿತ್ತು. ಆಪರೇಷನ್ ಚೆನ್ನಾಗಿಯೇ ಆಯಿತು. ಗಂಟು ದನಿಯ ನರಕ್ಕೆ ಅಂಟಿಕೊಂಡಿದೆ, ಆಮೇಲೆ ಸ್ವರ ಇಳಿಯಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹಾಗಾಗಿ ಯಾರ ಮೇಲೂ ಸಿಟ್ಟು ಮಾಡಿಕೊಳ್ಳುವಂತಿರಲಿಲ್ಲ. ನನಗೆ ಅದೇ ದೊಡ್ಡ ಕಷ್ಟ. ನನ್ನ ಸಿಟ್ಟಿಗೆ ಇಳಿಯಲು ಒಂದು ಜಾಗ ಬೇಕು. ಜಾಗ ಸಿಗದಿದ್ದರೆ ನಾನು ಸ್ಕ್ರೂಡ್ರೈವರ್ ಹಿಡಿದು ಕೂರುತ್ತೇನೆ.

ನಾನು ಶ್ರೀನಿವಾಸಪುರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುವವನು. ಮನೆ ಮುಳಬಾಗಿಲಿನಲ್ಲಿ. ಅವಳು ನಮ್ಮ ನಡುಮನೆಯಲ್ಲೇ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದಳು. ಕಾಲೇಜಿನಿಂದ ಬಂದು ಚಪ್ಪಲಿ ಬಿಡುವಾಗ ಒಳಗಿಂದ ಸರಳೆ ವರಸೆ ಕೇಳದಿದ್ದರೆ ನಾನು ತಪ್ಪು ಮನೆಗೆ ಬಂದೆನೋ ಎನ್ನಿಸುತ್ತಿತ್ತು. ಪಾಠ ಹೋಗಲಿ, ನಮ್ಮ ಕಡೆ ಯಾರ ಮನೆಯ ಶುಭಕಾರ್ಯವಾದರೂ ಆರತಿಗೆ ಹಾಡು ಬೇಕೇ ಬೇಕು. ಹಾಡಿಲ್ಲದೆ ಎತ್ತಿದ ಆರತಿಯನ್ನು ಕೆಳಗಿಳಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ತಟ್ಟೆ ಹಿಡಿದ ಹೆಂಗಸರು "ಯಾರಾದ್ರೂ ಒಂದು ಹೇಳ್ರೇ" ಎಂದು ಸುತ್ತ ನೋಡುತ್ತಾರೆ. ಆ ನೋಟ ಪ್ರತಿಸಲವೂ ಬಂದು ನಿಲ್ಲುತ್ತಿದ್ದುದು ಇವಳ ಮೇಲೆ. ಇವಳೂ ಬೇಡ ಬೇಡ ಎಂದು ಒಂದು ಸಲ ಅಂದು ಎರಡನೆಯ ಸಲಕ್ಕೆ ಶುರು ಮಾಡಿಬಿಡುತ್ತಿದ್ದಳು.

ಗಾಯ ಮಾಗಿದ ಮೇಲೆ ದನಿ ಬಂತು, ಆದರೆ ಮಾತಿಗೆ ಸಾಕಾಗುವಷ್ಟು ಮಾತ್ರ. ಪಾಠ ನಿಲ್ಲಿಸಿದಳು. ಕುರುಡುಮಲೆಯಲ್ಲಿ ನೆಂಟರ ಮನೆಯ ಮಗುವಿನ ನಾಮಕರಣಕ್ಕೆ ಹೋಗಿದ್ದೆವು. ಆರತಿಯ ತಟ್ಟೆ ಎತ್ತುವ ಹೊತ್ತಿಗೆ ಇವಳು ಕಾಣಲಿಲ್ಲ. ಹುಡುಕಿಕೊಂಡು ಹಿಂದಕ್ಕೆ ಹೋದರೆ ಊಟದ ಬಾಳೆಲೆಗಳನ್ನು ಒರೆಸುತ್ತಾ ಕೂತಿದ್ದಳು. ಒರೆಸಿ ಪಕ್ಕಕ್ಕಿಟ್ಟ ಎಲೆಯನ್ನೇ ತೆಗೆದು ಮತ್ತೆ ಒರೆಸುತ್ತಿದ್ದಳು. ಇವಳು ಮತ್ತೆ ಹಾಡಬೇಕು, ಹೇಗಾದರೂ ಹಾಡಬೇಕು ಎನ್ನುವುದು ಬಿಟ್ಟರೆ ಆಮೇಲೆ ನನ್ನ ತಲೆಯಲ್ಲಿ ಬೇರೆ ಯೋಚನೆ ಇರಲಿಲ್ಲ.

ಕಿಡಿಯ ಕೆಲಸ ಅಷ್ಟು ಹೊತ್ತಿಗಾಗಲೇ ಅರ್ಧಕ್ಕೆ ಬಂದಿತ್ತು. ಟೆಸ್ಲಾ ಕಾಯಿಲ್ ಎಂದರೆ ಹೆದರಬೇಕಾದ್ದಿಲ್ಲ. ಒಂದು ಪ್ಲಾಸ್ಟಿಕ್ ಪೈಪಿಗೆ ತೀರಾ ಸಣ್ಣ ತಾಮ್ರದ ತಂತಿಯನ್ನು ಬುಡದಿಂದ ತುದಿಯವರೆಗೆ ಸುತ್ತಬೇಕು. ಬುಡದ ಸುತ್ತ ದಪ್ಪ ತಂತಿಯ ನಾಲ್ಕಾರು ಬಳೆ ಹಾಕಿ ಅದರಲ್ಲಿ ವಿದ್ಯುತ್ತನ್ನು ವಿಪರೀತ ವೇಗದಲ್ಲಿ ಅತ್ತಿತ್ತ ಓಡಿಸಿದರೆ ತುದಿಯಿಂದ ಗಾಳಿಗೆ ನೇರಳೆ ಬಣ್ಣದ ಕಿಡಿ ಚಿಮ್ಮುತ್ತದೆ. ಆ ಕಿಡಿಯನ್ನು ಸೆಕೆಂಡಿಗೆ ಇನ್ನೂರು ಸಲ ಹಚ್ಚಿ ಆರಿಸಿದರೆ ಒಂದು ಸ್ವರ ಕೇಳುತ್ತದೆ. ನಾನೂರು ಸಲ ಮಾಡಿದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಕೇಳುತ್ತದೆ. ಸ್ಪೀಕರ್ ಇಲ್ಲ, ತಂತಿಯ ವಾದ್ಯವಿಲ್ಲ, ಬರೀ ಗಾಳಿ ಹಾಡುತ್ತದೆ. ಹೀಗೆ ಲೆಕ್ಕದಲ್ಲಿ ಹಚ್ಚಿ ಆರಿಸುವ ಪುಟ್ಟ ಪೆಟ್ಟಿಗೆಗೆ ಕಂಟ್ರೋಲರ್ ಎನ್ನುತ್ತಾರೆ. ಎಲ್ಲ ಜಾಣತನ ಇರುವುದು ಅದರಲ್ಲೇ.

ತಂತಿಯನ್ನು ಕೋಲಾರದ ಮೋಟಾರು ವೈಂಡಿಂಗ್ ಅಂಗಡಿಯಿಂದ ತಂದೆ. ಬೋರ್‌ವೆಲ್ ಮೋಟಾರು ಸುಡುವುದು ನಮ್ಮ ಜಿಲ್ಲೆಯಲ್ಲಿ ನಿತ್ಯದ ಕಥೆ, ಹಾಗಾಗಿ ಮಳೆಗೆ ಬರ ಬಂದರೂ ತಾಮ್ರಕ್ಕೆ ಬರವಿಲ್ಲ. ನಡುಮನೆಯಲ್ಲಿ ಚಾಪೆ ಹಾಕಿ ಅವಳು ಪೈಪು ತಿರುಗಿಸಿದಳು, ನಾನು ತಂತಿ ಹಿಡಿದೆ. ಮಾತಾಡುವಂತಿರಲಿಲ್ಲವಲ್ಲ, ತಂತಿ ಒಂದರ ಮೇಲೊಂದು ಹತ್ತಿದರೆ ಅಂಗೈಯಿಂದ ನೆಲ ತಟ್ಟುತ್ತಿದ್ದಳು. ನಾನು ಬಿಚ್ಚಿ ಸರಿಮಾಡುತ್ತಿದ್ದೆ. ನಾವಿಬ್ಬರೂ ಜಗಳವಿಲ್ಲದೆ ಮುಗಿಸಿದ ಕೆಲಸ ಅಂತ ಇದ್ದರೆ ಅದೊಂದೇ. ಪೈಪಿನ ತಲೆಗೆ ಪಾತ್ರೆ ಅಂಗಡಿಯ ಎರಡು ಅಲ್ಯೂಮಿನಿಯಂ ತಟ್ಟೆಗಳನ್ನು ಬಾಯಿಗೆ ಬಾಯಿ ಜೋಡಿಸಿ ಕೂರಿಸಿದೆವು. ಬುಡಕ್ಕೆ, ವಿಗ್ರಹ ಕೆತ್ತುವ ಶಿವಾರಪಟ್ಟಣದಿಂದ ತಂದ, ಮೂಲೆ ಒಡೆದು ಬೇಡವಾಗಿದ್ದ ಕಲ್ಲಿನ ಪೀಠ.

ಇದರ ಬದಲು ಒಂದು ವೀಣೆ ತಂದುಕೊಡಬಹುದಿತ್ತಲ್ಲ ಎಂದು ನನ್ನ ಅಕ್ಕ ಆಮೇಲೆ ಕೇಳಿದಳು. ತರಬಹುದಿತ್ತು. ಆದರೆ ವೀಣೆ ತಂದಿಟ್ಟರೆ ನಿನ್ನ ಗಂಟಲಿನ ಕೆಲಸ ಮುಗಿಯಿತು ಎಂದು ನಾನೇ ಹೇಳಿದ ಹಾಗಾಗುತ್ತಿತ್ತು. ಕಿಡಿಯ ಪೆಟ್ಟಿಗೆಯಾದರೆ ಅದು ನನ್ನ ಹುಚ್ಚು. ಅವಳು ಸಹಾಯಕ್ಕೆ ಬಂದವಳು. ಸಹಾಯ ಕೇಳಿದವರಿಗೆ ಇಲ್ಲ ಎನ್ನಲು ಅವಳಿಗೆ ಬರುವುದಿಲ್ಲ. ಇಷ್ಟು ವರ್ಷ ಜೊತೆಗಿದ್ದು ನಾನು ಕಲಿತದ್ದು ಅದು.

ಮೊದಲ ಕಂಟ್ರೋಲರ್ ನನ್ನ ಮರ್ಯಾದೆ ಕಳೆಯಿತು. ಕಿಡಿ ಹಾರಿದ ತಕ್ಷಣ ಅದು ತಾನೇ ತಬ್ಬಿಬ್ಬಾಗಿ ನಿಂತುಬಿಡುತ್ತಿತ್ತು. ಕಾಯಿಲ್ಲಿನ ವಿದ್ಯುತ್ತಿನ ಗದ್ದಲ ತಂತಿಯ ಮೂಲಕವೇ ಅದರ ತಲೆಗೆ ಏರುತ್ತಿತ್ತು. ಕೊನೆಗೆ ಎರಡರ ನಡುವೆ ತಂತಿಯನ್ನೇ ತೆಗೆದು, ಬೆಳಕು ಸಾಗಿಸುವ ಪ್ಲಾಸ್ಟಿಕ್ ಎಳೆಯೊಂದನ್ನು ಹಾಕಿದೆ. ಆಮೇಲೆ ಸರಿಹೋಯಿತು. ಕಂಪ್ಯೂಟರಿನಿಂದ ಸ್ವರಗಳನ್ನು ಕಳಿಸಿ ಒಂದು ಸಂಜೆ ನುಡಿಸಿದೆ. ಕಿಡಿ ಹಾಡಿತು, ಪಕ್ಕದ ಮನೆಯ ಟಿವಿ ನಿಂತಿತು. ಆ ಮನೆಯ ಅಜ್ಜಿ ಕಾಂಪೌಂಡಿನ ಆಚೆಯಿಂದ, "ಏಮಯ್ಯಾ ಮೇಷ್ಟ್ರೇ, ಸರಿಯಾಗಿ ಅವಳು ಅಳೋ ಹೊತ್ಗೇ ಆರಿಸಿಬಿಟ್ರಲ್ಲ" ಎಂದರು. ಧಾರಾವಾಹಿಯ ನಾಯಕಿಯ ಬಗ್ಗೆ ಹೇಳಿದ್ದು.

ನನ್ನ ಹೆಂಡತಿ ಅದನ್ನೆಲ್ಲ ಬಾಗಿಲಿಗೆ ಒರಗಿ ನಿಂತು ಕೇಳಿದಳು. ಹೇಗಿದೆ ಎಂದೆ.

"ಸ್ವರ ಇದೆ. ಗಮಕ ಇಲ್ಲ," ಎಂದಳು ಪಿಸುದನಿಯಲ್ಲಿ. "ಮೆಟ್ಲು ಹತ್ತಿ ಇಳ್ದಂಗಿದೆ. ಜಾರೋದೇ ಇಲ್ವಲ್ರೀ."

"ಜಾರೋ ಹಂಗೆ ಮಾಡಿದ್ರೆ ನುಡಿಸ್ತೀಯಾ?"

"ನಿಮಗೆ ತಾಳ ಹಾಕೋಕೂ ಬರಲ್ಲ. ಇನ್ಯಾರು ನುಡಿಸ್ಬೇಕು?"

ಇಷ್ಟು ಸಾಕಾಯಿತು ನನಗೆ. ಹಳೆಯ ವಿದ್ಯುತ್ ಒಲೆಯ ಸುರುಳಿಯನ್ನು ಎಳೆದು ನೇರ ಮಾಡಿ, ಮೊಳಕ್ಕಿಂತ ಉದ್ದದ ಹಲಗೆಯ ಮೇಲೆ ಬಿಗಿದೆ. ಅದರ ಕೆಳಗೆ, ಮುಟ್ಟಿಯೂ ಮುಟ್ಟದ ಹಾಗೆ, ತಾಮ್ರದ ಪಟ್ಟಿ. ಬೆರಳಿನಿಂದ ಒತ್ತಿದರೆ ಎರಡೂ ಸೇರುತ್ತವೆ. ಎಲ್ಲಿ ಒತ್ತಿದೆ ಎಂದು ಕಂಟ್ರೋಲರಿಗೆ ತಿಳಿಯುತ್ತದೆ. ಬೆರಳು ಜಾರಿದರೆ ಸ್ವರ ಜಾರುತ್ತದೆ. ಬೆರಳು ಎತ್ತಿದರೆ ಕಿಡಿ ಆರುತ್ತದೆ. ಷಡ್ಜ, ಪಂಚಮಗಳ ಜಾಗ ಕಾಣಲೆಂದು ಅವಳು ತನ್ನ ಸ್ಟಿಕ್ಕರ್ ಬೊಟ್ಟುಗಳನ್ನು ಹಲಗೆಗೆ ಅಂಟಿಸಿದಳು. ಉಳಿದದ್ದು ಶ್ರುತಿ. ಅದನ್ನು ಮಾತ್ರ ನಾನು ಅವಳಿಗೆ ಹೇಳದೆ ಮಾಡಿದೆ. ನನ್ನ ಫೋನಿನಲ್ಲಿ ಅವಳ ಹಳೆಯ ಪಾಠವೊಂದರ ರೆಕಾರ್ಡಿಂಗ್ ಸಿಕ್ಕಿತ್ತು. ಅದರಲ್ಲಿ ಅವಳ ಷಡ್ಜವನ್ನು ಅಳೆದು, ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಐದೂವರೆ ಮನೆ, ಒಂದು ಎಳೆಯೂ ಆಚೀಚೆ ಆಗದ ಹಾಗೆ ಕಂಟ್ರೋಲರಿಗೆ ತುಂಬಿದೆ. ಪೆಟ್ಟಿಗೆ ಅವಳ ದನಿಯಲ್ಲೇ ಹಾಡಲಿ ಎಂದು. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಅಕ್ಕನ ಊರು ಸುಗಟೂರು. ಅವಳ ಮನೆಯ ಹಿಂದೆ ರೇಷ್ಮೆ ಹುಳು ಸಾಕುವ ಮನೆಯಿದೆ. ಒಂದು ಬೆಳೆಯ ಗೂಡು ಮಾರುಕಟ್ಟೆಗೆ ಹೋದ ಮೇಲೆ ಅದನ್ನು ತೊಳೆದು, ಸುಣ್ಣ ಹಾಕಿ, ಮುಂದಿನ ಹುಳು ಬರುವವರೆಗೆ ಖಾಲಿ ಬಿಡುತ್ತಾರೆ. ಅಕ್ಕಪಕ್ಕ ಯಾರ ಟಿವಿಯೂ ಇಲ್ಲ. ಕಾಯಿಲ್ಲನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟು ಹಾಕಿ ಕರೆದುಕೊಂಡು ಹೋದೆವು.

"ಇದೇನೋ, ಪೈಪಿಗೆ ಸೀರೆ ಉಡ್ಸಿದೀಯ?" ಎಂದಳು ಅಕ್ಕ.

"ಹಾಡುತ್ತೆ ಕಣಕ್ಕಾ."

"ದೇವುಡಾ, ಎಲ್ಲಾ ಬಿಟ್ಟು ಇದಾ? ಹಾಡ್ಲಿ. ಹುಳ ಬರೋಗಂಟ ಏನ್ ಕುಣಿತೀರೋ ಕುಣೀರಿ. ಆಮೇಲೆ ಒಂದು ಕಿಡಿ ಹಾರಿದ್ರೂ ನಿನ್ನನ್ನೇ ಚಂದ್ರಿಕೆಗೆ ಹತ್ತಿಸ್ತೀನಿ." ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಗೆ ಚಂದ್ರಿಕೆ ಎನ್ನುತ್ತಾರೆ. ಅಕ್ಕ ನನ್ನ ಹೆಂಡತಿಯ ಕೆನ್ನೆ ಸವರಿ, "ಇಳಿದೋಗಿದೀಯಲ್ಲಮ್ಮ," ಎಂದು ಹಾಲು ಕಾಯಿಸಲು ಒಳಗೆ ಹೋದಳು.

ಹೊರಗೆ ನೆಲದಲ್ಲಿ ಸರಳು ಹೂತು, ಉಪ್ಪು ಇದ್ದಿಲು ಹಾಕಿ ನೀರು ಸುರಿದು ಅರ್ತಿಂಗ್ ಮಾಡಿದೆ. ಗೋಣಿಯ ಪರದೆಗಳನ್ನು ಇಳಿಬಿಟ್ಟಾಗ ಮಧ್ಯಾಹ್ನದಲ್ಲೂ ಒಳಗೆ ಕತ್ತಲಾಯಿತು. ಅವಳನ್ನು ಕಾಯಿಲ್ಲಿನಿಂದ ದೂರ, ಬಾಗಿಲ ಬಳಿ ಚಾಪೆಯ ಮೇಲೆ ಕೂರಿಸಿ, ಹಲಗೆಯನ್ನು ತೊಡೆಯ ಮೇಲೆ ಇಟ್ಟೆ. ಕರೆಂಟು ಏರಿಸುವ ಗುಂಡಿಯನ್ನು ನಾನು ಹಿಡಿದೆ. ಅವಳು ಷಡ್ಜದ ಮೇಲೆ ಬೆರಳಿಟ್ಟಳು.

ತಟ್ಟೆಯ ಅಂಚಿನಿಂದ ಗೇಣುದ್ದದ ಕಿಡಿ ಎದ್ದಿತು. ಕಿವಿ ತುಂಬುವ ಸದ್ದು, ಜೇನುಹುಳುಗಳೆಲ್ಲ ಒಂದೇ ಸ್ವರಕ್ಕೆ ಬಂದ ಹಾಗೆ. ನಾನು ಅವಳ ಮುಖ ನೋಡಿದೆ. ಅವಳು ಬೆರಳು ಎತ್ತಿದಳು.

"ಇದು ಐದೂವರೆ ಮನೆ," ಎಂದಳು.

"ಹೌದು. ನಿಂದೇ ಕಣೇ. ನಿನ್ನ ಪಾಠದಿಂದ್ಲೇ ತೆಗೆದಿದ್ದು."

"ನಂದಲ್ಲ ರೀ. ಮುಂಚೆ ಇದ್ದೋಳ್ದು."

ನಾನು ಗುಂಡಿ ಹಿಡಿದೇ ನಿಂತಿದ್ದೆ. ಅವಳು ಬೈದಿದ್ದರೆ ಚೆನ್ನಾಗಿತ್ತು. ಹಲಗೆಯನ್ನು ಪಕ್ಕಕ್ಕಿಟ್ಟು ಎದ್ದುಹೋಗುತ್ತಾಳೆ, ಇನ್ನು ಇದನ್ನು ಮುಟ್ಟುವುದೂ ಇಲ್ಲ ಎಂದುಕೊಂಡೆ. ಅವಳು ಏಳಲಿಲ್ಲ. ಬೆರಳನ್ನು ಬೊಟ್ಟಿಗಿಂತ ಕೆಳಕ್ಕೆ, ತಂತಿ ಮುಗಿಯುವ ತನಕ ಜಾರಿಸಿ ನೋಡಿದಳು. ಅಲ್ಲಿಗೂ ಸಾಲಲಿಲ್ಲ.

"ಇಳ್ಸೋಕಾಗತ್ತಾ?"

ಆಗುತ್ತದೆ. ಒಂದೇ ಒಂದು ಸಂಖ್ಯೆ ಬದಲಿಸಿದರೆ ಸಾಕು. ಲ್ಯಾಪ್‌ಟಾಪ್ ತೆರೆದು ಐದಕ್ಕೆ ಇಳಿಸಿದೆ. ಅವಳು ಒತ್ತಿ, ತಲೆ ಬಗ್ಗಿಸಿ, ಬಾಯಿ ಮುಚ್ಚಿಕೊಂಡೇ ಒಳಗೊಳಗೆ ಗುನುಗಿ ನೋಡಿದಳು. "ಇನ್ನೂ ಕೆಳಗೆ." ನಾಲ್ಕೂವರೆ. "ಇನ್ನೂ." ನಾಲ್ಕಕ್ಕೆ ಬಂದಾಗ ನನ್ನ ಕೈ ನಿಂತಿತು. ಹೆಂಗಸರ ಕಂಠ ಅಲ್ಲಿಗಿಂತ ಇಳಿಯಬಾರದು ಎನ್ನುವ ನಿಯಮ ಎಲ್ಲೂ ಇಲ್ಲ, ಆದರೂ ಅವಳನ್ನು ನಾನೇ ಕೈಹಿಡಿದು ಕೆಳಗಿಳಿಸುತ್ತಿದ್ದೇನೆ ಎನ್ನಿಸಿತು.

"ಯಾಕೆ ನಿಲ್ಸಿದ್ರಿ? ಇಳ್ಸಿ."

ಮೂರು ಮನೆಗೆ ಬಂದಾಗ ಅವಳು ತಲೆ ಆಡಿಸಿದಳು.

ಆ ಶ್ರುತಿಯಲ್ಲಿ ಕಿಡಿಯ ದನಿಗೆ ಬೇರೆಯೇ ಒಂದು ತೂಕವಿತ್ತು. ಅವಳು ಸರಳೆ ವರಸೆ ನುಡಿಸಿದಳು, ಮಕ್ಕಳಿಗೆ ಮೊದಲ ಪಾಠದಲ್ಲಿ ಹೇಳುತ್ತಿದ್ದುದನ್ನೇ, ಅದೇ ನಿಧಾನದಲ್ಲಿ. ಮೊದಮೊದಲು ಬೆರಳು ಎಡವಿತು, ರಿಷಭ ಎಲ್ಲೆಲ್ಲೋ ಹೋಯಿತು. ಒಂದು ಸುತ್ತು ಮುಗಿಸಿ ಮತ್ತೆ ಶುರು ಮಾಡಿದಳು. ಆಗ ಅವಳ ತುಟಿ ಆಡುವುದು ಕಂಡಿತು. ಆ ಗದ್ದಲದಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಕಿಡಿಯ ಬೆಳಕಿನಲ್ಲಿ ಕುತ್ತಿಗೆಯ ಮೇಲಿನ ಗಾಯದ ಗೆರೆ ಏರಿ ಇಳಿಯುತ್ತಿತ್ತು. ಹಾಡುತ್ತಿದ್ದಳು. ಯಾರಿಗೂ, ಬಹುಶಃ ತನಗೂ, ಸರಿಯಾಗಿ ಕೇಳದು ಎಂಬ ಧೈರ್ಯಕ್ಕೆ ಹಾಡುತ್ತಿದ್ದಳು.

ಅಲ್ಲಿಗೆ ತೃಪ್ತಿಪಟ್ಟು ಸುಮ್ಮನಿರಬೇಕಿತ್ತು. ಸುಮ್ಮನಿರುವುದು ನನ್ನ ಜಾಯಮಾನವಲ್ಲ. ನನಗೆ ಕೇಳಬೇಕಿತ್ತು. ಗುಂಡಿಯನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದೆ. ಕಿಡಿ ಸ್ವಲ್ಪ ಕುಗ್ಗಿತು. ಅವಳ ಕಣ್ಣು ಮುಚ್ಚಿತ್ತು. ಇನ್ನಷ್ಟು ತಿರುಗಿಸಿದೆ. ಗೇಣುದ್ದದ ಕಿಡಿ ಬೆರಳುದ್ದಕ್ಕೆ ಬಂತು, ಸದ್ದಿನ ಅಂಚಿನಲ್ಲಿ ಇನ್ನೊಂದು ದನಿ ಕೇಳತೊಡಗಿತು. ಒರಟು ದನಿ. ಗಾಂಧಾರದ ಹತ್ತಿರ ಹರಿಯುತ್ತಿತ್ತು, ಪಂಚಮದಲ್ಲಿ ನಿಲ್ಲುತ್ತಿತ್ತು. ನನಗೆ ಗುರುತೇ ಸಿಗಲಿಲ್ಲ ಮೊದಲು. ಆಮೇಲೆ ಸಿಕ್ಕಿತು: ಸ್ವರ ಬಿಡುವ ಮುನ್ನ ಒಂಚೂರು ಎಳೆದು ಬಿಡುವ ಅವಳ ರೀತಿ ಹಾಗೆಯೇ ಇತ್ತು. ಗುಂಡಿಯನ್ನು ತಿರುಗಿಸುತ್ತಲೇ ಹೋದೆ. ಒಂದು ಹಂತಕ್ಕಿಂತ ಕರೆಂಟು ಇಳಿದರೆ ಕಿಡಿ ಬದುಕುವುದಿಲ್ಲ. ಅದು ಸದ್ದಿಲ್ಲದೆ ಆರಿತು.

ಕತ್ತಲಲ್ಲಿ ಅವಳು ವರಸೆಯ ಅವರೋಹಣದ ನಡುವಿನಲ್ಲಿದ್ದಳು. ನಿಲ್ಲಿಸಲಿಲ್ಲ. ಒಂದೊಂದೇ ಸ್ವರ ಇಳಿದು ಷಡ್ಜಕ್ಕೆ ಬಂದು ನಿಂತಳು. ಅಕ್ಕ ಹಾಲಿನ ಲೋಟ ಹಿಡಿದು ಪರದೆಯ ಆಚೆ ನಿಂತಿರುವುದು ಗೋಣಿಯ ಮೇಲೆ ಬಿದ್ದ ನೆರಳಿನಿಂದ ಗೊತ್ತಾಯಿತು. ಅಕ್ಕ ಒಳಗೆ ಬರಲಿಲ್ಲ.

"ನೀವು ಇಳಿಸ್ತಾ ಇರೋದು ಗೊತ್ತಾಗ್ತಿತ್ತು," ಎಂದಳು ನನ್ನ ಹೆಂಡತಿ.

ನಾನು ಗುಂಡಿಯಿಂದ ಕೈ ತೆಗೆದೆ.

"ಗಾಂಧಾರ ಸರಿ ಬೀಳ್ಲಿಲ್ಲ. ಇನ್ನೊಂದ್ಸಲ ಹೇಳ್ತೀನಿ."

ನಾನು ಮತ್ತೆ ಕಿಡಿ ಹಚ್ಚಲು ಗುಂಡಿಗೆ ಕೈ ಹಾಕಿದೆ.

"ಅದು ಬೇಡ," ಎಂದು ಹಲಗೆಯನ್ನು ತೊಡೆಯ ಮೇಲಿಂದ ತೆಗೆದಿಟ್ಟು, ತಾಳ ಹಾಕಲು ಕೈ ಎತ್ತಿ ಕೂತಳು.