ಒಣಕಡ್ಡಿಯ ಕೆಳಗೆ

ನಾನು ಮಧುಗಿರಿಯಲ್ಲಿ ವಿಜ್ಞಾನದ ಮೇಷ್ಟ್ರು. ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಒಂದು ಗಿಡ ಬರೆದು, ಕೆಳಕ್ಕೊಂದು ಗೆರೆ ಎಳೆದು ‘ತಾಯಿಬೇರು’ ಎಂದು ಹೆಸರು ಹಾಕುತ್ತೇನೆ. ಹಲಗೆ ಮುಗಿದಲ್ಲಿ ನನ್ನ ಬೇರೂ ಮುಗಿಯುತ್ತದೆ. ಅದರಿಂದಾಚೆಗೆ ಏನಿದ್ದೀತು ಎಂದು ತಲೆ ಕೆಡಿಸಿಕೊಂಡವನಲ್ಲ.

ಮಾವ ತೀರಿಕೊಂಡ ಮೇಲೆ ಅತ್ತೆ ನಾಗಲಮಡಿಕೆ ಕಡೆಯ ಹಳ್ಳಿಯಿಂದ ನಮ್ಮ ಮನೆಗೆ ಬಂದರು. ನನ್ನ ಹೆಂಡತಿ ಅವರಿಗೆ ಒಬ್ಬಳೇ ಮಗಳು. ಆದರೂ ಅಳಿಯನ ಮನೆಯಲ್ಲಿ ಠಿಕಾಣಿ ಹೂಡುವುದೆಂದರೆ ಅವರಿಗೆ ಇರುಸುಮುರುಸು. “ಮಳೆ ಬರೋಗಂಟ ಇದ್ದು ಹೊಂಟೋಯ್ತೀನಿ ಬುಡಿ ಮೇಷ್ಟ್ರೇ” ಅಂದರು. ಮಳೆ ಬಂದಾಗ ಹಬ್ಬ ಕಳೆಯಲಿ ಅಂದರು. ಹಬ್ಬ ಕಳೆದಾಗ ಮತ್ತೆ ಮಳೆಯ ಮಾತು. ಹೀಗೆ ಎರಡು ವರ್ಷವಾಯಿತು. ಅಷ್ಟು ದಿನವೂ ಅವರು ನಮ್ಮ ಮನೆಯ ಕುರ್ಚಿಯಲ್ಲಿ ಬೆನ್ನು ಆನಿಸಿ ಕೂತದ್ದನ್ನು ನಾನು ಕಂಡಿಲ್ಲ.

ಬರುವಾಗ ಸೆರಗಿನ ತುದಿಯಲ್ಲಿ ಒಂದು ಹಿಡಿ ಕಮರ ಮರದ ಕಾಯಿ ಗಂಟು ಕಟ್ಟಿ ತಂದಿದ್ದರು. ಕಾಗದದಷ್ಟು ತೆಳುವಾದ ಕಾಯಿಗಳು. ಗೇಟಿನ ಹೊರಗೆ, ಪಕ್ಕದಲ್ಲೇ ಊರಿದರು. ಒಂದೇ ಒಂದು ಮೊಳೆಯಿತು. ಆಡಿನ ಗೊರಸು ಒತ್ತಿದ ಹಾಗೆ ಜೋಡಿ ಜೋಡಿ ಎಲೆ. ಪಾವಗಡದ ಬಸ್ಸಿನಿಂದ ಆ ಮರಗಳನ್ನು ಎಷ್ಟು ಸಲ ನೋಡಿದ್ದೆನೋ, ಹೆಸರು ಕೇಳಿದವನೇ ಅಲ್ಲ. ಅತ್ತೆ ಬೆಳಿಗ್ಗೆ ಎದ್ದು ಮೊದಲು ಅದರ ಮುಖ ನೋಡುತ್ತಿದ್ದರು, ಆಮೇಲೆ ನಮ್ಮದು.

ಗಿಡ ಮಾತ್ರ ಗೇಣು ದಾಟಲಿಲ್ಲ. ಬೆಟ್ಟದ ಕಡೆ ಮೇಯಲು ಹೋಗುವ ಆಡುಗಳು ಬಂದಾಗಲೆಲ್ಲ ಚಿಗುರು ಕಿತ್ತುಕೊಂಡು ಹೋಗುತ್ತಿದ್ದವು. ಬೇಸಿಗೆಯಲ್ಲಿ ಉಳಿದದ್ದೂ ಒಣಗಿ ಕಡ್ಡಿಯಾಗುತ್ತಿತ್ತು.

ಇತ್ತ ನಾನು ನಮ್ಮ ಬೀದಿಯನ್ನು ಹಸಿರು ಮಾಡಲು ಹೊರಟಿದ್ದೆ. ನರ್ಸರಿಯವನು, “ಕೋನೋಕಾರ್ಪಸ್ ಹಾಕಿ ಸಾರ್. ಬೇಲಿ ಬ್ಯಾಡ, ಮ್ಯಾಕೆ ಮೂಸಲ್ಲ, ವರ್ಷದೊಳಗೆ ಆಳೆತ್ತರ” ಅಂದ. ಇನ್ನೇನು ಬೇಕು? ಮನೆಗೊಂದರಂತೆ ಕೊಡಿಸಿದೆ. ನಿಜಕ್ಕೂ ಒಂದೇ ವರ್ಷದಲ್ಲಿ ಬೀದಿಯುದ್ದಕ್ಕೂ ಹಸಿರು ಗೋಡೆ ಎದ್ದಿತು. ಬಂದವರೆಲ್ಲ ಹೊಗಳಿದರು, ನಾನೂ ಉಬ್ಬಿದೆ. ಆ ಗೋಡೆಯಲ್ಲಿ ಒಂದಾದರೂ ಗೂಡು ಇದೆಯೇ ಎಂದು ನೋಡುವ ಬುದ್ಧಿ ಆಗ ಬರಲಿಲ್ಲ. ಅತ್ತೆ ಮಾತ್ರ ನನಗೆ ಕೇಳುವಂತೆಯೇ ಮಗಳಿಗೆ ಹೇಳಿದರು: “ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ. ಆಡೂ ಮುಟ್ಟದ ಸೊಪ್ಪು ಹುಡುಕ್ಕಂಡು ಬಂದವ್ರೆ ನೋಡು ನಿನ್ ಗಂಡ!”

ಸಾಲಿನಲ್ಲಿ ಉಳಿದಿದ್ದ ಬೋಳು ಜಾಗ ಒಂದೇ, ಸಾಲು ನೆಡಿಸಿದ ನನ್ನ ಮನೆಯ ಮುಂದಿನದು. ಮೊನ್ನೆ ಯುಗಾದಿ ಕಳೆದ ಮೇಲೆ ಒಂದು ಭಾನುವಾರ, ಅತ್ತೆ ಹಿತ್ತಲಲ್ಲಿ ರಾಗಿ ಹಸನು ಮಾಡುತ್ತಿದ್ದಾಗ, ಹಾರೆ ಹಿಡಿದು ಹೊರಗೆ ಬಂದೆ. ಕಮರ ಸತ್ತಿದೆ ಎಂದು ನಾನೇ ತೀರ್ಪು ಕೊಟ್ಟುಕೊಂಡಿದ್ದೆ. ಕಡ್ಡಿ ಹಿಡಿದು ಎಳೆದೆ, ಲಟಕ್ಕೆಂದು ಮುರಿದು ಕೈಗೆ ಬಂತು. ಬುಡ ಕಿತ್ತು ಅಲ್ಲೇ ಹೊಸ ಸಸಿ ಇಡೋಣವೆಂದು ಅಗೆಯತೊಡಗಿದೆ.

ಒಂದು ಗೇಣು ಅಗೆದೆ, ಬೇರು ಸಿಕ್ಕಿತು. ಕಡ್ಡಿಗಿಂತ ದಪ್ಪ. ಎಳೆದೆ, ಅಲುಗಲಿಲ್ಲ. ಒಂದು ಮೊಳ ಅಗೆದೆ. ಬೇರು ಸಣ್ಣಗಾಗಿರಲಿಲ್ಲ. ಹಾರೆ ಒಂದು ಸಲ ಜಾರಿ ಬೇರಿಗೆ ತಗುಲಿತು. ತೊಗಟೆ ಸುಲಿದ ಕಡೆ ಒದ್ದೆ ಇತ್ತು. ಸತ್ತದ್ದರೊಳಗೆ ಒದ್ದೆ ಎಲ್ಲಿಂದ ಬಂತು? ಅಲ್ಲಿಂದಾಚೆ ನಾನು ಕೀಳಲು ಅಗೆಯಲಿಲ್ಲ, ನೋಡಲು ಅಗೆದೆ. ಎರಡು ಮೊಳ. ಗರಸು ಮಣ್ಣು, ಹಾರೆ ಹಾಕಿದರೆ ಕಿಡಿ ಹಾರುವಂಥದ್ದು. ಅದರ ನಡುವೆ ಆ ಬೇರು ಎಲ್ಲೂ ತಿರುಗದೆ, ನೆಟ್ಟಗೆ, ಇನ್ನೂ ಕೆಳಕ್ಕೆ ಇಳಿದಿತ್ತು. ಗುಂಡಿಯ ತಳಕ್ಕೆ ಕೈ ಹಾಕಿದೆ. ಮೇಲೆ ಕಾಲಿಡಲಾಗದಷ್ಟು ಬಿಸಿಲು, ಅಲ್ಲಿ ಮಣ್ಣು ತಣ್ಣಗಿತ್ತು. ಮೇಲೆ ಗೇಣುದ್ದದ ಗಿಡ, ಕೆಳಗೆ ನಾನು ಅಗೆದು ಸೋತಷ್ಟು ಬೇರು!

ತಲೆ ಎತ್ತಿದರೆ ಅತ್ತೆ ನಿಂತಿದ್ದರು. ಮುರಿದ ಕಡ್ಡಿ ನನ್ನ ಕಾಲ ಬಳಿ ಬಿದ್ದಿತ್ತು.

“ಅಯ್ಯೋ ದೇವುಡಾ, ಕಿತ್ತಾಕ್ಬುಟ್ರಾ?” ಅಂದರು. ಕಡ್ಡಿ ಎತ್ತಿಕೊಂಡು, “ನಾಳೆ ಪಾವಗಡದ ಬಸ್ಸತ್ತಿಸ್ಬುಡಿ” ಅಂದರು. ಈ ಸಲ ಮಳೆಯ ಮಾತಿರಲಿಲ್ಲ. ಎರಡು ವರ್ಷದಲ್ಲಿ ನಮ್ಮ ಮನೆಯಲ್ಲಿ ತಮ್ಮದೆಂದು ಅವರಿಗಿದ್ದದ್ದು ಆ ಗಿಡ ಒಂದೇ ಎಂದು ನನಗೆ ಆಗ ತಿಳಿಯಿತು. ನಾಚಿಕೆಯಾಯಿತು.

“ಅತ್ತೆಮ್ಮಾ, ಇಲ್ಲಿ ನೋಡಿ, ಸತ್ತಿಲ್ಲ” ಅಂದೆ.

ಅವರು ಗುಂಡಿಯ ಅಂಚಿನಲ್ಲಿ ಕೂತು, ಕೈ ಇಳಿಬಿಟ್ಟು ಬೇರು ಸವರಿದರು. “ಇಂಗೇ ಕಣಪ್ಪಾ ಇದು. ಮೊದ್ಲು ಕೆಳಕ್ಕೆ ಬೆಳೀತದೆ. ಕಾಲೂರಿದ ಮ್ಯಾಲೇ ತಲೆ ಎತ್ತೋದು. ಪುಸ್ತಕದಾಗೆ ಇಲ್ವಾ?”

ಇರಲಿಲ್ಲ. ಇದ್ದಿದ್ದರೂ ನಾನು ಓದಿರಲಿಲ್ಲ.

ಗಾಯಕ್ಕೆ ಕೆಮ್ಮಣ್ಣು ಕಲಸಿ ಮೆತ್ತಿದರು. ಇಬ್ಬರೂ ಕೂಡಿ ಅದೇ ಮಣ್ಣು ತುಂಬಿದೆವು. “ಉಳೀತದಾ?” ಎಂದು ಕೇಳಿದೆ. “ನಂಗೇನ್ ಗೊತ್ತು, ಹಾರೆ ಹಾಕಿದೋರು ನೀವು” ಅಂದರು. ಮರುದಿನ ಬಸ್ಸಿನ ಮಾತೆತ್ತಲಿಲ್ಲ, ಬೇರೆ ಮಾತೂ ಹೆಚ್ಚು ಆಡಲಿಲ್ಲ. ನಾನು ಹೊಸ ಸಸಿಯನ್ನು ನರ್ಸರಿಗೆ ಹಿಂದಿರುಗಿಸಿ, ಬರೀ ನೆಲಕ್ಕೆ ಮುಳ್ಳು ಕಟ್ಟಿದೆ. ಎದುರು ಮನೆಯವರು, “ಏನ್ ಸಾರ್, ಮಣ್ಣು ಕದೀತಾರಾ?” ಎಂದು ನಕ್ಕರು.

ಆಮೇಲೊಂದು ದಿನ ಗೌಡಗೆರೆ ಕಡೆ ಕೆಲಸವಿತ್ತು. ದಾರಿಯಲ್ಲಿ ದೊಡ್ಡ ಕಮರದ ಮರ ಕಂಡು ಗಾಡಿ ನಿಲ್ಲಿಸಿದೆ. ಎಲ್ಲರೂ ಮರವನ್ನು ಕತ್ತೆತ್ತಿ ನೋಡುತ್ತಾರೆ, ನಾನು ಅದರ ಬುಡ ನೋಡುತ್ತಾ ನಿಂತೆ. ಗೇಣುದ್ದದ್ದಕ್ಕೇ ಅಷ್ಟು ಆಳವಾದರೆ ಇದು ಎಲ್ಲಿಗೆ ಹೋಗಿದ್ದೀತು? ಕೈ ಮುಗಿಯಬೇಕೆನಿಸಿತು, ಮುಗಿದೆ.

ಮೊದಲ ಹದ ಮಳೆ ಬಿದ್ದು ವಾರವಾಗಿತ್ತು. ಬೆಳಿಗ್ಗೆ ಮುಳ್ಳಿನ ನಡುವೆ ನೆಲ ಬಿರಿದು ಎರಡು ಜೋಡಿ ಎಲೆ ಎದ್ದಿದ್ದವು. ಎಳೆಗೂಸಿನ ಅಂಗಾಲಿನಂಥ ಕೆಂಪು. ಕೂಗಿ ಮನೆಯವರನ್ನೆಲ್ಲ ಎಬ್ಬಿಸಿದೆ. ಅತ್ತೆ ಬಂದು ನೋಡಿದರು, ಕಣ್ಣು ಒರೆಸಿಕೊಂಡರು.

ನನಗೆ ಧೈರ್ಯ ಬಂದು ರೇಗಿಸಿದೆ: “ಮಳೆ ಬಂತಲ್ಲ ಅತ್ತೆಮ್ಮಾ, ಬಸ್ಸು ಎಷ್ಟೊತ್ತಿಗೆ?”

“ಸುಮ್ಕಿರಿ ಮೇಷ್ಟ್ರೇ” ಅಂದರು. “ನಾನೋದ್ರೆ ಆಡಿಗೆ ಅಡ್ಡ ನಿಲ್ಲೋರು ಯಾರು? ಒಳಗ್ಲಿಂದ ಒಂದು ಕುರ್ಚಿ ತಂದು ಇಲ್ಲಾಕಿ.”

ತಂದು ಹಾಕಿದೆ. ಬೆನ್ನು ಆನಿಸಿ ಕೂತರು.