ಮೇಲಿನ ಕಟ್ಟು

ಆಸ್ಪತ್ರೆಯಲ್ಲಿ ಹೊರರೋಗಿಗಳಿಗೆ ಚೀಟಿ ಕೊಡುವ ಹೆಂಗಸನ್ನು ಎಲ್ಲರೂ ಚೀಟಿ ಅಕ್ಕ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷ ಅದೇ ಕಿಟಕಿ, ಅದೇ ಕುರ್ಚಿ. ಕುರ್ಚಿಯ ಬೆತ್ತ ಎರಡು ಸಲ ಹರಿದು ಎರಡು ಸಲ ಹೆಣೆಸಿದ್ದಾಯಿತು, ಅಕ್ಕ ಮಾತ್ರ ಕದಲಲಿಲ್ಲ. ಆಸ್ಪತ್ರೆ ನಡೆಸುವವರು ದೊಡ್ಡ ಡಾಕ್ಟರು ಎಂದು ಬೋರ್ಡಿನಲ್ಲಿ ಬರೆದಿತ್ತು. ಅವಳ ಬೀದಿಯವರು ಅದನ್ನು ಪೂರ್ತಿ ನಂಬುತ್ತಿರಲಿಲ್ಲ.

ಅದಕ್ಕೆ ಕಾರಣ ಅವಳ ಅತ್ತೆ. ಬೀದಿಯಲ್ಲಿ ಯಾರಿಗಾದರೂ ಕೆಮ್ಮು ಬಂದರೆ ಸಾಕು, ಮುದುಕಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. "ನಮ್ಮ ಸೊಸೆ ಅಲ್ಲೇ ಇರೋದು ಕಣೆ. ನಾನು ಒಂದ್ಮಾತು ಹೇಳಿರ್ತೀನಿ, ನೀನು ಸುಮ್ನೆ ಹೋಗಿ ಮುಖ ತೋರಿಸು." ಸೊಸೆ ಮಾಡಿದ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಮೂರು ದಿನ ಮುಖ ಗಂಟಿಕ್ಕುವ ಅತ್ತೆಗೆ ಸೊಸೆಯ ಕುರ್ಚಿಯ ಮೇಲೆ ಮಾತ್ರ ಎಲ್ಲಿಲ್ಲದ ಹೆಮ್ಮೆ.

ಕೆಲಸ ಹೀಗಿತ್ತು. ಹಳೇ ರೋಗಿ ಬಂದು ಕಿಟಕಿಯಲ್ಲಿ ನಂಬರು ಹೇಳಬೇಕು. ಅಕ್ಕ ಚೀಟಿ ಬರೆದು, ಅದರ ಇನ್ನೊಂದು ತುಂಡನ್ನು ಹಿಂದಿನ ಗೂಡಿನೊಳಗೆ ಹಾಕುತ್ತಾಳೆ. ಗೂಡಿನ ಆಚೆ ರೆಕಾರ್ಡ್ ರೂಮು. ಅಲ್ಲಿರುವವನು ಕಪಾಟಣ್ಣ. ಐವತ್ತೆಂಟು ವರ್ಷ, ಮಂಡಿನೋವು, ಮಾತು ಕಡಿಮೆ. ಕಪಾಟುಗಳ ನಡುವೆ ಇದ್ದೂ ಇದ್ದೂ ತಾನೂ ಒಂದು ಕಪಾಟಾಗಿದ್ದಾನೆ ಎಂದು ನರ್ಸುಗಳು ಇಟ್ಟ ಹೆಸರು. ಅವನು ಫೈಲು ಹುಡುಕಿ ಗೂಡಿನಲ್ಲಿ ಇಡುತ್ತಾನೆ. ಅಕ್ಕ ಅವನ್ನು ಜೋಡಿಸಿ, ದಾರ ಕಟ್ಟಿ, ಡಾಕ್ಟರ ಕೋಣೆಗೆ ಕಳಿಸುತ್ತಾಳೆ. ಕಟ್ಟಿನಲ್ಲಿ ಯಾರ ಫೈಲು ಮೇಲಿದೆಯೋ ಅವರನ್ನು ಮೊದಲು ಕರೆಯುತ್ತಾರೆ.

ಅವಳ ಪಾಪ ಶುರುವಾದದ್ದು ಪುಣ್ಯದಿಂದಲೇ. ಒಂದು ದಿನ ಪಕ್ಕದ ಮನೆಯ ಬಾಣಂತಿ ಜ್ವರದಲ್ಲಿ ಬಂದು ನಿಲ್ಲಲಾಗದೆ ಗೋಡೆ ಹಿಡಿದುಕೊಂಡಿದ್ದಳು. ಅಕ್ಕ ಅವಳ ಫೈಲನ್ನು ಎಲ್ಲಕ್ಕಿಂತ ಮೇಲೆ ಇಟ್ಟಳು. ಅದರಲ್ಲಿ ತಪ್ಪು ಹುಡುಕುವವನು ಮನುಷ್ಯನೇ ಅಲ್ಲ. ಮುಂದಿನ ವಾರ ಆ ಬಾಣಂತಿಯ ಅಕ್ಕ ಬಂದಳು, ಆಮೇಲೆ ಭಾವ ಬಂದ. ಅವನು ನಿಲ್ಲುವುದೇನು, ಓಡಿಯೂ ಆಡಬಲ್ಲ. ಬರಬರುತ್ತ ಕಟ್ಟುಗಳು ಎರಡಾದವು. ಗುರುತಿನವರದು ಮೇಲಿನ ಕಟ್ಟು, ಯಾರೂ ಇಲ್ಲದವರದು ಕೆಳಗಿನದು. ಬರುತ್ತೇನೆಂದು ಹೇಳಿ ಕಳಿಸಿದ ಗುರುತಿನವರು ಇನ್ನೂ ದಾರಿಯಲ್ಲಿದ್ದರೆ, ಅವರು ಬರುವವರೆಗೆ ಕೆಳಗಿನ ಕಟ್ಟು ಅವಳ ಮೊಣಕೈ ಕೆಳಗೆ ಮಲಗಿರುತ್ತಿತ್ತು. ಮನೆ ಸೇರಿದ ಮೇಲೆ "ಅಕ್ಕ ಇರೋದ್ರಿಂದ ಬದುಕಿದ್ವಿ" ಎಂದು ಯಾರಾದರೂ ಬಾಗಿಲಲ್ಲಿ ನಿಂತು ಹೇಳಿದಾಗ ಅವಳಿಗೆ ಹೊಟ್ಟೆ ತುಂಬುತ್ತಿತ್ತು. ಸುಳ್ಳೇಕೆ, ಆ ಮಾತಿಗೆ ಅವಳು ಹಸಿದೇ ಇರುತ್ತಿದ್ದಳು.

ಹೀಗಿರುವಾಗ ಆಸ್ಪತ್ರೆಯ ಕೆಲಸದ ಕ್ರಮವನ್ನು ಸುಧಾರಿಸಲು ಒಬ್ಬಳು ಬಂದಳು. ಮೂವತ್ತರ ಒಳಗಿನ ಹೆಣ್ಣು, ಕಾಲಲ್ಲಿ ಬೂಟು, ಕೊರಳಲ್ಲಿ ನಿಮಿಷ ಎಣಿಸುವ ಗಡಿಯಾರ. ಮಧ್ಯಾಹ್ನದೊಳಗೆ ಅವಳಿಗೆ ಗಡಿಯಾರದ ಮೇಡಂ ಎಂದು ಹೆಸರು ಬಿತ್ತು. ಅವಳು ಯಾರನ್ನೂ ಬೈಯಲಿಲ್ಲ, ಯಾರಿಗೂ ಬುದ್ಧಿ ಹೇಳಲಿಲ್ಲ. ಒಬ್ಬ ರೋಗಿಯನ್ನು ಆರಿಸಿಕೊಂಡು ಬೆಳಿಗ್ಗೆಯಿಂದ ಅವನ ಹಿಂದೆ ಹಿಂದೆ ನಡೆದಳು, ಅಷ್ಟೇ.

ಆ ರೋಗಿ ಕಾಲಿಗೆ ಬಟ್ಟೆ ಸುತ್ತಿಕೊಂಡಿದ್ದ ಒಬ್ಬ ಮುದುಕ. ಸಕ್ಕರೆ ಕಾಯಿಲೆಯ ಗಾಯ.

ಮರುದಿನ ಮೀಟಿಂಗ್ ಕೋಣೆಯ ಗೋಡೆಗೆ ಉದ್ದನೆಯ ಕಾಗದ ಅಂಟಿಸಿ, ಮುದುಕನ ಒಂದೊಂದು ಹೆಜ್ಜೆಗೆ ಒಂದೊಂದು ಹಳದಿ ಚೀಟಿ ಹಚ್ಚಿದ್ದಳು. ಏಳಕ್ಕೆ ಬಂದ. ಎಂಟೂ ಐದಕ್ಕೆ ಕಿಟಕಿಯಲ್ಲಿ ನಂಬರು ಹೇಳಿದ. ಫೈಲು ಡಾಕ್ಟರ ಕೋಣೆ ಮುಟ್ಟಿದ್ದು ಎಂಟೂ ಐವತ್ತೈದಕ್ಕೆ. ಅಲ್ಲೂ ಕಟ್ಟಿನ ತಳದಲ್ಲಿದ್ದುದರಿಂದ ಕರೆದದ್ದು ಹನ್ನೊಂದೂ ನಲವತ್ತಕ್ಕೆ. ಡಾಕ್ಟರು ನೋಡಿದ್ದು ನಾಲ್ಕು ನಿಮಿಷ. ಗಾಯ ಕಟ್ಟುವ ಕೋಣೆ ಹನ್ನೊಂದೂವರೆಗೇ ಮುಚ್ಚಿತ್ತು. ನಾಳೆ ಬಾ ಎಂದರು.

"ಇಲ್ಲಿ ನೋಡಿ," ಎಂದಳು ಮೇಡಂ. "ಕಿಟಕಿಗೂ ಡಾಕ್ಟರ ಕೋಣೆಗೂ ಮೂವತ್ತು ಹೆಜ್ಜೆ. ಐವತ್ತು ನಿಮಿಷ ಹಿಡಿದಿದೆ. ಯಾರನ್ನೂ ಹಿಡಿಯೋಕೆ ಅಲ್ಲ ಕೇಳ್ತಿರೋದು. ಕೆಲಸ ಎಲ್ಲಿ ನಿಲ್ಲುತ್ತೆ ಅಂತ ತಿಳಿದ್ರೆ ಸಾಕು. ಫೈಲು ಎಲ್ಲಿ ನಿಂತಿತ್ತು?"

ಫೈಲು ಎಲ್ಲಿತ್ತೆಂದು ಅಕ್ಕನ ಮೊಣಕೈಗೆ ಗೊತ್ತಿತ್ತು. ಕೋಣೆ ತುಂಬ ಜನ. ದೊಡ್ಡ ಡಾಕ್ಟರು ಅವಳ ಕಡೆಗೇ ನೋಡಿದರು. ಬಾಯಿ ತಾನಾಗಿ ತೆರೆಯಿತು.

"ಹುಡುಕೋದಕ್ಕೇ ಹೊತ್ತು ಹಿಡಿಯುತ್ತೆ ಮೇಡಂ. ಪಾಪ, ಅವ್ರಿಗೂ ವಯಸ್ಸಾಯ್ತು. ಮಂಡಿನೋವು ಬೇರೆ."

ಆ 'ಪಾಪ' ಎಂಬ ಮಾತನ್ನು ನೆನೆದರೆ ಅವಳಿಗೆ ಇವತ್ತಿಗೂ ಮೈ ಹಿಂಡಿದಂತಾಗುತ್ತದೆ. ಚಾಡಿ ಹೇಳಿದ್ದರೆ ಚಾಡಿ ಎಂದಾದರೂ ಅನ್ನಬಹುದಿತ್ತು. ಅವಳು ಕನಿಕರದ ಬಟ್ಟೆ ಹೊದಿಸಿ ಹೇಳಿದ್ದಳು. ಎಲ್ಲರೂ ಕಪಾಟಣ್ಣನ ಕಡೆ ತಿರುಗಿದರು. ಅವನು ಒಮ್ಮೆ ಅವಳ ಮುಖ ನೋಡಿದ, ಆಮೇಲೆ ತನ್ನ ಚಪ್ಪಲಿ ನೋಡಿಕೊಂಡ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೂರೇ ದಿನದಲ್ಲಿ ಕಪಾಟಣ್ಣನನ್ನು ಆಸ್ಪತ್ರೆಯ ಹಿಂಭಾಗದ ಬಟ್ಟೆ ಉಗ್ರಾಣಕ್ಕೆ ಹಾಕಿದರು. ಒಗೆದು ಬಂದ ಹೊದಿಕೆ, ದಿಂಬಿನ ಚೀಲ ಎಣಿಸುವ ಕೆಲಸ. ಇಪ್ಪತ್ತಾರು ವರ್ಷ ಸಾವಿರಾರು ನಂಬರುಗಳನ್ನು ಬಾಯಿಪಾಠ ಮಾಡಿಕೊಂಡಿದ್ದವನು ಖಾಲಿ ಕೈಯಲ್ಲಿ ಅಂಗಳ ದಾಟಿ ಹೋದದ್ದನ್ನು ಅಕ್ಕ ಕಿಟಕಿಯಿಂದ ಕಂಡಳು. ಕಂಡೂ ಕಾಣದವಳಂತೆ ಚೀಟಿ ಬರೆದಳು. ಅವತ್ತು ಮನೆಯಲ್ಲಿ ಅತ್ತೆ, "ನಾಳೆ ದರ್ಜಿಯ ಹೆಂಡತಿ ಬರ್ತಾಳೆ, ಸ್ವಲ್ಪ ನೋಡ್ಕೋ," ಎಂದಾಗ ಕೈಲಿದ್ದ ಪಾತ್ರೆಯನ್ನು ದಡಾರನೆ ಇಟ್ಟಳು. ಅತ್ತೆ ಅದನ್ನೂ ಉಪ್ಪಿನ ಲೆಕ್ಕಕ್ಕೆ ಸೇರಿಸಿದಳು.

ರೆಕಾರ್ಡ್ ರೂಮಿಗೆ ಚುರುಕಿನವನೊಬ್ಬ ಬಂದ. ಅವನು ಕೊಡುತ್ತಿದ್ದ ಫೈಲುಗಳಲ್ಲಿ ಏನೋ ಕಡಿಮೆ ಎಂದು ಅಕ್ಕನಿಗೆ ಅನಿಸುತ್ತಿತ್ತು, ಏನೆಂದು ಹೊಳೆಯುತ್ತಿರಲಿಲ್ಲ. ಐದನೆಯ ದಿನ ಹೊಳೆಯಿತು. ಹಳೇ ಫೈಲುಗಳ ಹಿಂಬದಿಯ ಮೂಲೆಯಲ್ಲಿ ಪೆನ್ಸಿಲಿನ ಸಣ್ಣ ಅಂಕಿಗಳು ಸಾಲಾಗಿರುತ್ತಿದ್ದವು. ಕಪಾಟಿನ ಗುರುತೆಂದು ಅವಳು ವರ್ಷಗಟ್ಟಲೆ ಅಂದುಕೊಂಡಿದ್ದಳು. ಹೊಸಬ ಹಾಗೆ ಏನೂ ಬರೆಯುತ್ತಿರಲಿಲ್ಲ. ಕಾಲುಗಾಯದ ಮುದುಕನ ಫೈಲನ್ನು ಹುಡುಕಿಸಿ ತರಿಸಿಕೊಂಡಳು. ಮೂಲೆಯಲ್ಲಿ ಕೊನೆಯ ಅಂಕಿ 8-11.

ಎಂಟೂ ಹನ್ನೊಂದು. ನಂಬರು ಹೇಳಿದ ಆರನೆಯ ನಿಮಿಷ.

ಊಟದ ಹೊತ್ತಿಗೆ ಅವಳು ಉಗ್ರಾಣಕ್ಕೆ ಹೋದಳು. ಕಪಾಟಣ್ಣ ಮಣೆಯ ಮೇಲೆ ಕೂತು ಹರಿದ ಹೊದಿಕೆಗಳನ್ನು ಬೇರೆ ಮಾಡುತ್ತಿದ್ದ.

"ಅಣ್ಣ, ಆ ಪೆನ್ಸಿಲ್ ಗುರುತು ಏನು?"

"ಟೈಮು. ಫೈಲು ನನ್ನ ಕೈ ಬಿಟ್ಟ ಟೈಮು. ಹಿಂದೆ ಒಬ್ರು ಬಂದು ನಿನ್ನಿಂದಲೇ ತಡ ಅಂತ ಬೈದು ಹೋಗಿದ್ರು. ಆವತ್ತಿಂದ ಬರೀತಿದ್ದೆ, ನನ್ನ ಸಮಾಧಾನಕ್ಕೆ."

"ಹಾಗಾದ್ರೆ ಅವತ್ತು ಮೀಟಿಂಗಲ್ಲಿ ಒಂದು ಫೈಲು ತಂದು ತೋರಿಸಿದ್ರೆ ಆಗ್ತಿತ್ತಲ್ಲ!" ಅವಳ ದನಿ ತಪ್ಪು ಅವನದೇ ಎಂಬಂತೆ ಏರಿತು.

ಅವನು ಕೈಲಿದ್ದ ಹೊದಿಕೆಯನ್ನು ಮಡಿಸಿ, ಅಂಚು ಸರಿಮಾಡಿ, ಪಕ್ಕಕ್ಕಿಟ್ಟ.

"ನಮ್ಮವಳಿಗೆ ಕಾಮಾಲೆ ಆಗಿತ್ತು, ನೆನಪಿದ್ಯಾ ತಂಗಿ? ಮೂರು ತಿಂಗಳು ವಾರ ವಾರ ಬಂದ್ಲು. ಒಂದು ದಿನಾನೂ ಕಾಯಲಿಲ್ಲ. ನಾನು ನಿನ್ನ ಕೇಳಿರಲಿಲ್ಲ. ನೀನಾಗೇ ಅವಳ ಫೈಲು ಮೇಲಿಟ್ಟೆ. ನಾನೂ ಬೇಡ ಅನ್ನಲಿಲ್ಲ. ಅವಳ ಕೆಳಗೆ ಯಾರ ಫೈಲಿತ್ತೋ, ಅವ್ರು ಎಷ್ಟು ಹೊತ್ತು ಕೂತ್ರೋ, ನಾನು ನೋಡೋಕೆ ಹೋಗ್ಲಿಲ್ಲ. ಈಗ ಯಾವ ಬಾಯಲ್ಲಿ ಹೇಳ್ಲಿ?"

ನೆಲ ಬಿರಿದು ನುಂಗಬಾರದೇ ಎನಿಸಿತು ಅವಳಿಗೆ. ಅವನು ಬೈದಿದ್ದರೆ ಅತ್ತು ಹಗುರವಾಗುತ್ತಿದ್ದಳು. ಅವಳು ಹತ್ತೊಂಬತ್ತು ವರ್ಷ ಉಪಕಾರವೆಂದು ಹಂಚಿದ್ದು, ಪಡೆದವರ ಬಾಯಿಗೆ ಬಟ್ಟೆ ತುರುಕಿತ್ತು. ಅವಳಿಗೆ ಕ್ಷಮಿಸಿ ಎನ್ನಲೂ ಆಗಲಿಲ್ಲ. "ಊಟ ಆಯ್ತಾ ಅಣ್ಣ?" ಎಂದು ಕೇಳಿ ಬಂದುಬಿಟ್ಟಳು.

ಮರುವಾರದ ಮೀಟಿಂಗಿನಲ್ಲಿ ಮೇಡಂ ಅದೇ ಜಾಗಕ್ಕೆ ಬೆರಳಿಟ್ಟು ನಿಂತಳು. "ಜನ ಬದಲಾದ್ರು, ಕಪಾಟು ಸರಿಮಾಡಿದ್ವಿ. ಆದ್ರೂ ನಲವತ್ತಾರು ನಿಮಿಷ. ನನಗೇ ಅರ್ಥ ಆಗ್ತಿಲ್ಲ."

ಅಕ್ಕ ಎದ್ದು ನಿಂತಳು. ಮೇಜಿನ ಮೇಲಿದ್ದ ಹಳದಿ ಚೀಟಿಯೊಂದನ್ನು ತೆಗೆದುಕೊಂಡು, 'ನನ್ನ ಮೇಜು. ಗುರುತಿನವರಿಗಾಗಿ ನಾನೇ ತಡೆಯುತ್ತೇನೆ' ಎಂದು ಬರೆದಳು. ಹತ್ತೊಂಬತ್ತು ವರ್ಷ ಚೀಟಿ ಬರೆದ ಕೈ, ಆದರೂ ಅಕ್ಷರ ಸೊಟ್ಟಾದವು. ಅದನ್ನು ಗೋಡೆಗೆ ಹಚ್ಚಿ, ಜೊತೆಗೆ ತಂದಿದ್ದ ಮುದುಕನ ಫೈಲಿನ ಮೂಲೆ ತೋರಿಸಿ, ಎರಡು ಕಟ್ಟುಗಳ ವಿಷಯವನ್ನೂ ತಾನು ಹೇಳಿದ ಸುಳ್ಳನ್ನೂ ಹೇಳಿ ಮುಗಿಸಿದಳು.

ದೊಡ್ಡ ಡಾಕ್ಟರು ಕೆಮ್ಮಿದರು. ಅವರ ಡ್ರೈವರನ ಫೈಲು ಹೋದ ತಿಂಗಳಷ್ಟೇ ಮೇಲಿನ ಕಟ್ಟಿನಲ್ಲಿ ಹೋಗಿತ್ತು. ಹಿರಿಯ ನರ್ಸು ಕಿಟಕಿಯಾಚೆ ಏನನ್ನೋ ಹುಡುಕತೊಡಗಿದಳು. ಅವಳ ನಾದಿನಿಯದೂ ಹೋಗಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಅಲ್ಲಿ ಒಬ್ಬರಿಬ್ಬರಲ್ಲ.

"ಮೊದಲ ದಿನವೇ ಹೇಳಿದ್ನಲ್ಲ ಅಕ್ಕ," ಎಂದಳು ಮೇಡಂ ಮೆಲ್ಲಗೆ, "ಯಾರನ್ನೂ ಹಿಡಿಯೋಕೆ ಕೇಳ್ತಿಲ್ಲ ಅಂತ."

ಹೌದು, ಹೇಳಿದ್ದಳು. ಅವತ್ತು ನಿಜ ಹೇಳಿದ್ದರೆ ಯಾರ ಕೂದಲೂ ಕೊಂಕುತ್ತಿರಲಿಲ್ಲ. ಯಾವ ಶಿಕ್ಷೆಯ ಭಯವೂ ಇಲ್ಲದಿದ್ದಾಗ, ಬರೀ ಮುಖ ಉಳಿಸಿಕೊಳ್ಳಲು ಒಬ್ಬನನ್ನು ಉಗ್ರಾಣಕ್ಕೆ ಹಾಕಿಸಿದ್ದಳು.

ಬದಲಾವಣೆ ಅಂಥ ದೊಡ್ಡದೇನಲ್ಲ. ಹತ್ತು ಫೈಲು ಆದ ಕೂಡಲೇ, ಬಂದ ಸಾಲಿನಲ್ಲೇ ಕಟ್ಟು ಹೋಗಬೇಕು. ನಿಲ್ಲಲಾಗದವರ ಫೈಲಿಗೆ ಬೇರೆ ತಟ್ಟೆ, ಅದು ಯಾರಿಗೆಂದು ನರ್ಸು ಕಣ್ಣಾರೆ ನೋಡಿ ಹೇಳಬೇಕು. ಗಾಯ ಕಟ್ಟುವ ಕೋಣೆ ಮಧ್ಯಾಹ್ನ ಒಂದು ಗಂಟೆಯವರೆಗೆ ತೆರೆದಿರಬೇಕು. ಫೈಲು ಕೈ ಬಿಟ್ಟ ಹೊತ್ತನ್ನು ಎಲ್ಲರೂ ಮೂಲೆಯಲ್ಲಿ ಬರೆಯಬೇಕು. ಕಪಾಟಣ್ಣನ ಪೆನ್ಸಿಲ್ಲೇ ನಿಯಮವಾಯಿತು. ಅವನು ಸೋಮವಾರ ವಾಪಸು ಬಂದ. ಮೊದಲ ಫೈಲನ್ನು ಗೂಡಿನಲ್ಲಿಟ್ಟ. ಅವನ ಅಂಕಿಯ ಪಕ್ಕ ಅಕ್ಕ ತನ್ನದನ್ನು ಬರೆದಳು.

ಬೀದಿಯಲ್ಲಿ ಅವಳ ಬೆಲೆ ಇಳಿಯಿತು. ದರ್ಜಿಯ ಹೆಂಡತಿ ಮಾತು ಬಿಟ್ಟಳು. ಅತ್ತೆ ತಾನೇ ಮಂಡಿ ತೋರಿಸಲು ಬಂದು, ನಲವತ್ತನೆಯವಳಾಗಿ ಬೆಂಚಿನ ಮೇಲೆ ಕೂತು, ಸೊಸೆಯ ಗುರುತೇ ಇಲ್ಲದವಳಂತೆ ಚಾವಣಿ ನೋಡುತ್ತಿದ್ದಳು. ಅದು ಅಕ್ಕನಿಗೆ ಅಷ್ಟೇನೂ ನೋಯಲಿಲ್ಲ.

ನೋಯಿಸಿದವನು ಕಾಲುಗಾಯದ ಮುದುಕ. ಅದೇ ದಿನ ಅವನೂ ಬಂದಿದ್ದ. ಒಂಬತ್ತೂ ಕಾಲಿಗೆಲ್ಲ ಡಾಕ್ಟರಿಗೆ ತೋರಿಸಿ, ಗಾಯಕ್ಕೆ ಹೊಸ ಬಟ್ಟೆ ಸುತ್ತಿಸಿಕೊಂಡು, ಕೋಲೂರಿಕೊಂಡು ನೇರ ಅವಳ ಕಿಟಕಿಗೆ ಬಂದ. ಮುಖದ ತುಂಬ ನಗು. ಯಾರಿಗೂ ಕೇಳಿಸಬಾರದೆಂಬಂತೆ ಬಗ್ಗಿದ.

"ತಾಯೀ, ಇವತ್ತು ಇಷ್ಟು ಬೇಗ ಕರೆದುಬಿಟ್ರಲ್ಲ! ನನಗೆ ಇಲ್ಲಿ ಯಾರೂ ಗೊತ್ತಿಲ್ಲ. ಪುಣ್ಯಾತ್ಮರು ಯಾರೋ ನನ್ನ ಬಗ್ಗೆ ನಿಮ್ಗೆ ಒಂದ್ಮಾತು ಹೇಳಿರಬೇಕು. ಯಾರು ಅಂತ ಹೇಳಿ ತಾಯಿ, ಅವ್ರಿಗೂ ಒಂದು ನಮಸ್ಕಾರ ಹೇಳಿ ಹೋಗ್ತೀನಿ."

"ಯಾರೂ ಹೇಳಿಲ್ಲ ಅಜ್ಜ," ಎಂದಳು ಅಕ್ಕ. "ಅದು ನಿಮ್ಮದೇ ಸರದಿ."

ಅವನು ನಂಬಲಿಲ್ಲ. ಗುಟ್ಟು ತಿಳಿದವನಂತೆ ಕಣ್ಣು ಮಿಟುಕಿಸಿ, "ಇರ್ಲಿ ಬಿಡಿ, ನಿಮ್ಮ ಉಪಕಾರ ಮರೆಯಲ್ಲ," ಎಂದ. ಅವಳು ತಲೆ ಎತ್ತಲಾಗದೆ ಮುಂದಿನವರ ನಂಬರು ಕೇಳಿದಳು.